ಸೀಟು ಎಣಿಸಿ ಬರೆದ ಕಾನೂನು: ಮಾಂಟೆರೆ ಕೊಲ್ಲಿಯ ಜೆಟ್ ಸ್ಕೀ ಪ್ರಕರಣ

ಹೋದ ಬೇಸಿಗೆಯಲ್ಲಿ ಭಾಮೈದ ಉಡುಪಿಯಿಂದ ಬಂದಿದ್ದ. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಊರಿಂದ ಬಂದವರನ್ನು ಒಂದು ದಿನ ಮಾಂಟೆರೆ ಕಡೆ ಕರೆದುಕೊಂಡು ಹೋಗುವುದು ನಮ್ಮ ಮನೆಯಲ್ಲಿ ಮಾಮೂಲಿ. ಮಾಸ್ ಲ್ಯಾಂಡಿಂಗ್ ಬಂದರಿನ ಹತ್ತಿರ ಕಾರು ನಿಲ್ಲಿಸಿ ಇಳಿದ ಕೂಡಲೇ ಅವನ ಪ್ರಶ್ನೆ ಶುರು.

"ಭಾವ, ಇಷ್ಟು ದೊಡ್ಡ ಸಮುದ್ರ, ಒಂದೂ ಜೆಟ್ ಸ್ಕೀ, ಅದೇ ಆ ನೀರಿನ ಮೇಲೆ ಓಡಿಸೋ ಬೈಕು, ಕಾಣ್ತಿಲ್ವಲ್ಲ? ಮಲ್ಪೆಯಲ್ಲಾದ್ರೆ ಇಷ್ಟೊತ್ತಿಗೆ ನಾಲ್ಕು ಜನ ಬಂದು ಒಂದು ರೌಂಡ್ ಹೋಗ್ತೀರಾ ಅಂತ ಕೇಳ್ತಿದ್ರು."

"ಓಡಿಸ್ಬಹುದು ಮಾರಾಯ, ಆದ್ರೆ ಎಲ್ಲೆಂದ್ರಲ್ಲಿ ಓಡಿಸೋ ಹಾಗಿಲ್ಲ" ಅಂದೆ.

"ಯಾಕೆ?"

ಆ 'ಯಾಕೆ'ಗೆ ನನ್ನ ಉತ್ತರ ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಅವನು ನಡುವೆಯೇ ಎದ್ದು ಮೀನು ತಿನ್ನಲು ಹೋದ. ಆದರೆ ವಿಷಯ ನಿಜಕ್ಕೂ ಮಜವಾಗಿದೆ. ಒಂದು ಕಾನೂನು ಬಂತು, ಕೋರ್ಟಿನಲ್ಲಿ ಗೆದ್ದಿತು, ಆಮೇಲೆ ಯಾರೂ ಅದನ್ನು ಮುರಿಯದೆಯೇ ಅದು ಕೆಲಸಕ್ಕೆ ಬಾರದಂತಾಯಿತು. ಅದು ಹೇಗಾಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಇಲ್ಲಿಂದ ಎದ್ದು ಹೋಗುವವರು ಯಾರೂ ಕಾಣುವುದಿಲ್ಲವಲ್ಲ.

ಮೊದಲು ಜಾಗದ ಬಗ್ಗೆ. ಮಾಂಟೆರೆ ಬೇ ರಾಷ್ಟ್ರೀಯ ಕಡಲ ಅಭಯಾರಣ್ಯ ಘೋಷಣೆಯಾಗಿದ್ದು 1992ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರದಿಂದ ಕೇಂಬ್ರಿಯಾ ಎಂಬ ಊರಿನವರೆಗೆ 276 ಮೈಲಿ ಕರಾವಳಿ, ಅಂದರೆ ಸುಮಾರು 444 ಕಿಲೋಮೀಟರ್. ನಮ್ಮ ಕರ್ನಾಟಕದ ಇಡೀ ಕರಾವಳಿಗಿಂತ ಜಾಸ್ತಿ. ನೋಡಿಕೊಳ್ಳುವುದು ನೋಆ, ಅಂದರೆ ಅಮೆರಿಕದ ಸಾಗರ ಮತ್ತು ವಾತಾವರಣದ ಇಲಾಖೆ. ಆಗ ಜನರಿಗೆ ದೊಡ್ಡ ಭಯ ಇದ್ದಿದ್ದು ತೈಲ ಬಾವಿಗಳದು, ಜೆಟ್ ಸ್ಕೀಯದಲ್ಲ. ಆದರೂ ಅದೇ ಹೊತ್ತಿಗೆ ಬರೆದ ನಿಯಮಗಳಲ್ಲಿ ಜೆಟ್ ಸ್ಕೀಗೂ ಒಂದು ಕಲಂ ಬಿತ್ತು.

ಜೆಟ್ ಸ್ಕೀ ಅನ್ನುವುದು ಕವಾಸಾಕಿ ಕಂಪನಿಯ ಬ್ರಾಂಡ್ ಹೆಸರು. ಜೆರಾಕ್ಸ್, ಡಾಲ್ಡಾ ಇದ್ದ ಹಾಗೆ, ಈಗ ಎಲ್ಲ ಕಂಪನಿಯದಕ್ಕೂ ಅದೇ ಹೆಸರು. ನಾನೂ ಹಾಗೇ ಕರೆಯುತ್ತೇನೆ. ಇದಕ್ಕೆ ಹೊರಗೆ ತಿರುಗುವ ಪ್ರೊಪೆಲ್ಲರ್ ಇಲ್ಲ. ಹೊಟ್ಟೆಯೊಳಗಿನ ಪಂಪು ಕೆಳಗಿಂದ ನೀರು ಹೀರಿ ಹಿಂದಕ್ಕೆ ರಭಸವಾಗಿ ಚಿಮ್ಮಿಸುತ್ತದೆ, ಗಾಡಿ ಮುಂದಕ್ಕೆ ಹಾರುತ್ತದೆ. ಪ್ರೊಪೆಲ್ಲರ್ ಇಲ್ಲದ ಮೇಲೆ ಪ್ರಾಣಿಗಳಿಗೆ ಗಾಯವಾಗುವುದಿಲ್ಲ, ಹಾಗಾಗಿ ನಮ್ಮದೇ ಸುರಕ್ಷಿತ ಅಂತ ತಯಾರಕರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಸುಳ್ಳೇನಲ್ಲ. ಆದರೆ ಪ್ರೊಪೆಲ್ಲರ್ ಇಲ್ಲದ್ದಕ್ಕೇ ಅದು ಮೊಣಕಾಲುದ್ದ ನೀರಿನಲ್ಲೂ ಹೋಗುತ್ತದೆ. ಬೇರೆ ದೋಣಿ ಕನಸಿನಲ್ಲೂ ಹೋಗದ ಬಂಡೆಯ ಸಂದು, ಪಾಚಿಯ ಅಂಚು, ಸೀಲ್ ಅನ್ನುವ ಕಡಲ ಪ್ರಾಣಿಗಳು ಬಿಸಿಲು ಕಾಯಿಸುವ ಕಲ್ಲು, ಎಲ್ಲ ಕಡೆಗೂ.

ಇನ್ನೊಂದು ವ್ಯತ್ಯಾಸ ಓಡಿಸುವ ರೀತಿಯದು. ಮೀನುಗಾರನ ದೋಣಿ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರುತ್ತದೆ. ಜೆಟ್ ಸ್ಕೀಗೆ ಹೋಗಬೇಕಾದ ಊರು ಅಂತ ಯಾವುದೂ ಇರುವುದಿಲ್ಲ, ಅದೇ ಜಾಗದಲ್ಲಿ ಗಿರಗಿರ ಸುತ್ತುವುದೇ ಅದರ ಸುಖ. ಅಲೆ ಮೇಲೆ ಹಾರಿದಾಗ ಪಂಪಿಗೆ ನೀರು ತಪ್ಪಿ ಎಂಜಿನ್ ಕೀರಲು ದನಿ ತೆಗೆಯುತ್ತದೆ, ಬಿದ್ದಾಗ ತಗ್ಗುತ್ತದೆ, ಮತ್ತೆ ಏರುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ಇದಕ್ಕೆ ಮನುಷ್ಯನ ಕಿವಿಯೇ ಹೊಂದಿಕೊಳ್ಳುವುದಿಲ್ಲ.

ಇಷ್ಟೆಲ್ಲ ಯಾರ ನಿದ್ದೆ ಕೆಡಿಸುತ್ತದೆ ಅಂತ ನೋಡಬೇಕಾದರೆ ಮಾಸ್ ಲ್ಯಾಂಡಿಂಗ್‌ಗೇ ಬರಬೇಕು. ಬಂದರಿನ ಉತ್ತರದ ಸಣ್ಣ ಕೊಲ್ಲಿಯಲ್ಲಿ ಕಡಲ ನೀರುನಾಯಿಗಳು ಗುಂಪುಗುಂಪಾಗಿ ಅಂಗಾತ ಮಲಗಿರುತ್ತವೆ. ನೀರುನಾಯಿ ನಮಗೆ ಹೊಸದಲ್ಲ, ತುಂಗಭದ್ರೆಯಲ್ಲಿ ಅವಕ್ಕಾಗಿಯೇ 2015ರಲ್ಲಿ ಒಂದು ಸಂರಕ್ಷಣಾ ಮೀಸಲು ಪ್ರದೇಶ ಆಗಿದೆ. ಆದರೆ ಇವು ಬೇರೆ ಜಾತಿ. ದಡಕ್ಕೆ ಬರುವುದೇ ಅಪರೂಪ, ಊಟ, ನಿದ್ದೆ, ಬಾಣಂತನ ಎಲ್ಲ ನೀರಿನಲ್ಲೇ. ನಾವು ಹೋದ ದಿನ ಒಂದು ತಾಯಿ ಹೊಟ್ಟೆಯ ಮೇಲೆ ಮರಿ ಹಾಕಿಕೊಂಡು ತೇಲುತ್ತಿತ್ತು. ನಾಲ್ಕೂ ಪಾದ ನೀರಿನಿಂದ ಮೇಲೆ, ತಣ್ಣೀರು ತಾಗದ ಹಾಗೆ. ಪಕ್ಕದಲ್ಲೊಂದು ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತಿತ್ತು, ಟಕ್ ಟಕ್ ಟಕ್, ದಡದವರೆಗೂ ಕೇಳುವಷ್ಟು ಸ್ಪಷ್ಟವಾಗಿ.

ತಿಮಿಂಗಿಲಕ್ಕೋ ಸೀಲ್‌ಗೋ ಇರುವ ಹಾಗೆ ಇದಕ್ಕೆ ಚರ್ಮದ ಕೆಳಗೆ ಕೊಬ್ಬಿನ ಪದರ ಇಲ್ಲ. ಚಳಿಗೆ ಇರುವುದು ತುಪ್ಪಳ ಒಂದೇ. ಒಂದು ಚದರ ಇಂಚಿಗೆ ಹತ್ತು ಲಕ್ಷದವರೆಗೆ ಕೂದಲು, ಅದರೊಳಗೆ ಸಿಕ್ಕಿಕೊಂಡ ಗಾಳಿಯೇ ಕಂಬಳಿ. ಮೈ ಬೆಚ್ಚಗಿಡಲು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನಬೇಕು. ಹೀಗೆ ಲೆಕ್ಕಾಚಾರದಲ್ಲಿ ಬದುಕುವ ಪ್ರಾಣಿ ಮಲಗಿದ್ದಾಗ ನಾಲ್ಕು ಸಲ ಎಬ್ಬಿಸಿ ಓಡಿಸಿದರೆ ಆ ದಿನದ ಲೆಕ್ಕ ತಪ್ಪುತ್ತದೆ. ಅದಕ್ಕೇ ಕಯಾಕ್‌ನಲ್ಲಿ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ, ಹೋಗುವವರಿಗೂ 60 ಅಡಿ ದೂರ ಇರಿ, ಐದು ಕಯಾಕ್ ಉದ್ದದಷ್ಟು, ಅಂತ ಹೇಳುತ್ತಾರೆ. ಚರ್ಮದ ಆಸೆಗೆ ಇವನ್ನು ಎಷ್ಟು ಕೊಂದಿದ್ದರೆಂದರೆ ಕ್ಯಾಲಿಫೋರ್ನಿಯಾದಲ್ಲಿ ಮುಗಿದೇ ಹೋದವು ಅಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯ ಬಿಕ್ಸ್‌ಬಿ ಹಳ್ಳದ ಬಾಯಲ್ಲಿ ಸುಮಾರು 50 ನೀರುನಾಯಿಗಳ ಗುಂಪು ಕಣ್ಣಿಗೆ ಬಿತ್ತು. ಈಗಿರುವ ಸುಮಾರು 3,000 ಆ ಅಳಿದುಳಿದವುಗಳ ಸಂತಾನ.

ಸರಿ, 1992ರ ನಿಯಮಕ್ಕೆ ಬರೋಣ. ಪೂರ್ತಿ ನಿಷೇಧ ಮಾಡಲಿಲ್ಲ. ನಾಲ್ಕು ಬಂದರುಗಳ ಎದುರು, ಅಂದರೆ ಪಿಲ್ಲರ್ ಪಾಯಿಂಟ್, ಸ್ಯಾಂಟಾ ಕ್ರೂಜ್, ಮಾಸ್ ಲ್ಯಾಂಡಿಂಗ್, ಮಾಂಟೆರೆ, ಒಂದೊಂದು ವಲಯ ಗುರುತಿಸಿದರು. ಬಂದರಿನಿಂದ ಆ ವಲಯಕ್ಕೆ ಹೋಗಲು ಒಂದು ದಾರಿ. ಅಲ್ಲಿ ವರ್ಷವಿಡೀ ಎಷ್ಟು ಬೇಕಾದರೂ ಸುತ್ತಿ, ಉಳಿದ ಕಡೆ ಬೇಡ. ನನಗಂತೂ ನ್ಯಾಯವಾಗಿಯೇ ಕಾಣುತ್ತದೆ.

ತಯಾರಕರ ಸಂಘಕ್ಕೆ ಹಾಗೆ ಕಾಣಲಿಲ್ಲ. ಕೋರ್ಟಿಗೆ ಹೋದರು. ಅವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ: ದೋಣಿಗಳಿಂದ ತೊಂದರೆ ಅಂದರೆ ಎಲ್ಲ ದೋಣಿಗೂ ನಿಯಮ ಮಾಡಿ, ನಮ್ಮ ಒಬ್ಬರ ಮೇಲೆ ಯಾಕೆ ಕಣ್ಣು? ಕೆಳಗಿನ ಕೋರ್ಟು ಇದನ್ನು ಒಪ್ಪಿತು. 1995ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ತಿರುಗಿಸಿತು. ತೊಂದರೆಯನ್ನು ಒಂದೇ ಏಟಿಗೆ ಪೂರ್ತಿ ಬಗೆಹರಿಸಬೇಕೆಂದೇನಿಲ್ಲ, ಒಂದು ತುದಿಯಿಂದ ಶುರು ಮಾಡುವ ಅಧಿಕಾರ ಇಲಾಖೆಗಿದೆ ಅನ್ನುವುದು ಅದರ ನಿಲುವು. ಇಲಾಖೆ ಗೆದ್ದಿತು.

ಗೆದ್ದ ಇಲಾಖೆ ಸೋತಿದ್ದು ಬೇರೆ ಕಡೆ. ಜೆಟ್ ಸ್ಕೀ ಅಂದರೆ ಏನು ಅಂತ 1992ರಲ್ಲಿ ಬರೆದಿದ್ದು ಹೀಗೆ: 15 ಅಡಿಗಿಂತ ಚಿಕ್ಕದಾಗಿರಬೇಕು, 15 ನಾಟ್‌ಗಿಂತ (ಗಂಟೆಗೆ ಸುಮಾರು 28 ಕಿಲೋಮೀಟರ್) ವೇಗವಾಗಿ ಹೋಗುವಂತಿರಬೇಕು, ಮತ್ತು ಓಡಿಸುವವನಲ್ಲದೆ ಇನ್ನೊಬ್ಬನಿಗಿಂತ ಜಾಸ್ತಿ ಜನ ಹಿಡಿಸಬಾರದು. ಮೂರೂ ಸೇರಿದರೆ ಮಾತ್ರ ಜೆಟ್ ಸ್ಕೀ. ಆ ಕಾಲಕ್ಕೆ ಹೆಚ್ಚಾಗಿ ಕಾಣುತ್ತಿದ್ದವು ಒಬ್ಬರದು, ಇಬ್ಬರದು, ಹಾಗಾಗಿ ಕಣ್ಣಿಗೆ ಕಂಡಿದ್ದನ್ನು ಬರೆದರು.

ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಯಿತು. ಹೆಂಡತಿ ಮಕ್ಕಳ ಜೊತೆ ಹೋಗುವವರಿಗಾಗಿ ಮೂರು ಸೀಟಿನವು ಬಂದವು, ಅವೇ ಜಾಸ್ತಿ ಮಾರಾಟವಾದವು. ಮೂರು ಸೀಟು ಇದ್ದರೆ ಕಾನೂನಿನ ಕಣ್ಣಿಗೆ ಅದು ಜೆಟ್ ಸ್ಕೀ ಅಲ್ಲ, ಸಾಮಾನ್ಯ ದೋಣಿ! ಹೆಚ್ಚು ತೂಕ, ಹೆಚ್ಚು ಎಂಜಿನ್, ಹೆಚ್ಚು ವೇಗ. ಆದರೂ ಇಡೀ 276 ಮೈಲಿ ಮುಕ್ತ. ಎರಡು ಸೀಟಿನ ಹಳೆಯ ಬಡಪಾಯಿ ಮಾತ್ರ ನಾಲ್ಕು ವಲಯದೊಳಗೆ ಬಂಧಿ. ಇದರಲ್ಲಿ ಯಾರದೂ ಕುತಂತ್ರ ಇದ್ದ ಹಾಗೆ ನನಗೆ ಕಾಣುವುದಿಲ್ಲ. ಗಿರಾಕಿ ಕೇಳಿದ್ದನ್ನು ಕಂಪನಿ ಮಾಡಿತು, ಕಾನೂನು ತನ್ನಷ್ಟಕ್ಕೆ ಹಳಸಿತು. ಬೆಂಗಳೂರಿನಲ್ಲಿ ನಿವೇಶನದ ಅಳತೆ ನೋಡಿ ಮಹಡಿ ಲೆಕ್ಕ ಹಾಕುವ ನಿಯಮಕ್ಕೆ ಜನ ಏನು ಮಾಡುತ್ತಾರೆ ಅಂತ ಗೊತ್ತಿದ್ದವರಿಗೆ ಇದೇನೂ ಆಶ್ಚರ್ಯ ಅಲ್ಲ ಬಿಡಿ.

ಇದೇ ಹೊತ್ತಿಗೆ ಇನ್ನೊಂದು ಬೆಳವಣಿಗೆ. ಪಿಲ್ಲರ್ ಪಾಯಿಂಟ್ ಬಂದರಿನಾಚೆ, ದಡದಿಂದ ಸುಮಾರು ಅರ್ಧ ಮೈಲಿ ಒಳಗೆ ಮ್ಯಾವರಿಕ್ಸ್ ಅನ್ನುವ ಅಲೆ ಏಳುತ್ತದೆ. ಚಳಿಗಾಲದಲ್ಲಿ ದೂರದ ಬಿರುಗಾಳಿಯ ಉಬ್ಬರ ಬಂದು ಅಲ್ಲಿನ ಬಂಡೆಗೆ ಬಡಿದಾಗ ಮನೆ ಎತ್ತರದ್ದಲ್ಲ, ಅಪಾರ್ಟ್‌ಮೆಂಟ್ ಎತ್ತರದ ನೀರಿನ ಗೋಡೆ ನಿಲ್ಲುತ್ತದೆ. ಜೆಫ್ ಕ್ಲಾರ್ಕ್ ಅನ್ನುವ ಸ್ಥಳೀಯ ಹುಡುಗ 1975ರಿಂದ ವರ್ಷಗಟ್ಟಲೆ ಅಲ್ಲಿ ಒಬ್ಬನೇ ಸರ್ಫ್ ಮಾಡಿದ, ಅಂದರೆ ಹಲಗೆ ಮೇಲೆ ನಿಂತು ಅಲೆಯಲ್ಲಿ ಜಾರಿದ. 90ರ ದಶಕದಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು, 1994ರ ಡಿಸೆಂಬರ್ 23ರಂದು ಹವಾಯಿಯ ಹೆಸರಾಂತ ಸರ್ಫರ್ ಮಾರ್ಕ್ ಫೂ ಅಲ್ಲೇ ಮುಳುಗಿ ತೀರಿಕೊಂಡ ಮೇಲಂತೂ ಇನ್ನೂ ಜಾಸ್ತಿ.

ತೀರಾ ದೊಡ್ಡ ಅಲೆಯ ವೇಗಕ್ಕೆ ಕೈಯಲ್ಲಿ ಈಜಿ ಸರಿಸಾಟಿಯಾಗಲು ಆಗುವುದಿಲ್ಲ. ಅದಕ್ಕೆ ಹವಾಯಿಯವರು ಕಂಡುಹಿಡಿದ ಉಪಾಯ ಟೋ-ಇನ್. ಜೆಟ್ ಸ್ಕೀ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಹಲಗೆ ಮೇಲೆ ನಿಂತ ಸರ್ಫರ್. ಅಲೆ ಏಳುವ ಹೊತ್ತಿಗೆ ಸರಿಯಾಗಿ ಎಳೆದು ತಂದು ಬಿಡುತ್ತಾರೆ, ಅವನು ಹಗ್ಗ ಬಿಟ್ಟು ಇಳಿಯುತ್ತಾನೆ. ಬಿದ್ದರೆ? ಒಂದು ಅಲೆಗೂ ಮುಂದಿನದಕ್ಕೂ ನಡುವೆ ಸಿಗುವುದು ಹದಿನೈದಿಪ್ಪತ್ತು ಸೆಕೆಂಡು. ಅಷ್ಟರೊಳಗೆ ಜೆಟ್ ಸ್ಕೀ ನೊರೆಯೊಳಗೆ ನುಗ್ಗಬೇಕು, ಅವನು ಹಿಂದಿನ ತೇಲುಹಾಸಿಗೆ ಹಿಡಿದು ನೇತಾಡಬೇಕು, ಇಬ್ಬರೂ ಪಾರಾಗಬೇಕು. ಆ ಕೆಲಸ ಬೇರೆ ಯಾವ ದೋಣಿಗೂ ಆಗದು. ಬಂಡೆಯ ಸಂದಿಗೆ ನುಗ್ಗುತ್ತದೆ ಅಂತ ಬೈಸಿಕೊಂಡ ಅದೇ ಗುಣ ಇಲ್ಲಿ ಜೀವ ಉಳಿಸುತ್ತದೆ.

ಇಲ್ಲಿಗೆ ಪ್ರಕರಣ ಕಗ್ಗಂಟಾಯಿತು. ಮೂರು ಸೀಟಿನ ಗಾಡಿ ತಂದ ಟೋ-ಇನ್ ತಂಡಗಳು ಕಾನೂನಿನ ಪ್ರಕಾರ ಸರಿಯಾಗಿಯೇ ಇದ್ದವು. ಕೈಯಲ್ಲಿ ಈಜಿ ಅಲೆ ಹಿಡಿಯುವವರಿಗೆ ಹೊಗೆ, ಸದ್ದು, ಕಣ್ಣೆದುರೇ ಅಲೆ ಕಿತ್ತುಕೊಂಡು ಹೋಗುವ ಜೋಡಿಗಳು. ಜಗಳ ಆಗದೆ ಇರುತ್ತದೆಯೇ? 2001ರಲ್ಲಿ ಅಭಯಾರಣ್ಯದ ನಿರ್ವಹಣಾ ಯೋಜನೆಯ ಮರುಪರಿಶೀಲನೆ ಶುರುವಾದಾಗ ಇದೂ ಮೇಜಿನ ಮೇಲೆ ಬಂತು. ಕೆಲವರು ಪೂರ್ತಿ ನಿಲ್ಲಿಸಿ ಅಂದರು, ಕೆಲವರು ಪರ್ಮಿಟ್ ಕೊಡಿ ಅಂದರು.

ಹೊಸ ನಿಯಮ ಪ್ರಕಟವಾಗಿದ್ದು 2008ರ ನವೆಂಬರ್‌ನಲ್ಲಿ, ಜಾರಿಗೆ ಬಂದಿದ್ದು 2009ರ ಮಾರ್ಚ್ 9ರಿಂದ. ಮೊದಲ ನಿಯಮ ಬರೆದಾಗಿನಿಂದ ಅದರ ಲೋಪ ಮುಚ್ಚುವವರೆಗೆ ಹದಿನಾರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಸೀಟಿನ ಮಾತೇ ಇಲ್ಲ ಈ ಸಲ. ಯಂತ್ರದಿಂದ ಓಡುವ, ಒಳಗೆ ಕೂತಲ್ಲ, ಮೇಲೆ ನಿಂತೋ ಕೂತೋ ಮಂಡಿಯೂರಿಯೋ ಓಡಿಸುವಂತೆ ಮಾಡಿದ ಯಾವುದೇ ಗಾಡಿ ಜೆಟ್ ಸ್ಕೀ. ಅದೂ ಸಾಲದು ಅಂತ, 20 ಅಡಿಗಿಂತ ಚಿಕ್ಕದಾಗಿ ನೀರು ಚಿಮ್ಮುವ ಪಂಪಿನಿಂದ ಓಡುವ ಬೇರೆ ಯಾವುದೇ ದೋಣಿಯೂ ಜೆಟ್ ಸ್ಕೀ. ಅದೂ ಸಾಲದು ಅಂತ, ಇಷ್ಟು ಜನ ಇಷ್ಟು ತೂಕ ಹೊರಬಹುದು ಅಂತ ದೋಣಿ ಮೇಲೆ ಬರೆಯುವ ಕೋಸ್ಟ್ ಗಾರ್ಡ್ ನಿಯಮದಿಂದ ವಿನಾಯಿತಿ ಪಡೆದ, ಅದೇ ಅಳತೆಯ ಮೋಟಾರ್ ದೋಣಿಯೂ ಜೆಟ್ ಸ್ಕೀ. ಈ ಮೂರರಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು. 1992ರಲ್ಲಿ ಮೂರೂ ಸೇರಬೇಕಿತ್ತು, ಈಗ ಒಂದೇ ಸಾಕು. 'ಮತ್ತು' ಇದ್ದ ಕಡೆ 'ಅಥವಾ' ಬಂತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ, ಹಾಗೆ ಬರೆದಿದ್ದಾರೆ. ನಾಲ್ಕು ವಲಯಗಳು ಹಾಗೇ ಉಳಿದವು, ಜೀವ ಉಳಿಸುವ ತುರ್ತು ಕೆಲಸಕ್ಕೆ ವಿನಾಯಿತಿ ಇತ್ತು.

ಮ್ಯಾವರಿಕ್ಸ್‌ಗೆ ಮಾತ್ರ ಐದನೇ ವಲಯ ಒಂದನ್ನು ಕೊಟ್ಟರು, ಅದಕ್ಕೊಂದು ವಿಚಿತ್ರ ಬೀಗ ಹಾಕಿ. ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳಲ್ಲಿ ಮಾತ್ರ. ಅದರಲ್ಲೂ ಮ್ಯಾವರಿಕ್ಸ್ ಇರುವ ಸ್ಯಾನ್ ಮಟೇಯೊ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಹವಾಮಾನ ಇಲಾಖೆ ಭಾರಿ ಅಲೆಗಳ 'ವಾರ್ನಿಂಗ್' ಕೊಟ್ಟಿದ್ದ ಹೊತ್ತಿನಲ್ಲಿ ಮಾತ್ರ. ಬೇರೆಯವರೆಲ್ಲ ಸಮುದ್ರಕ್ಕೆ ಇಳಿಯಬೇಡಿ ಅನ್ನುವ ದಿನವೇ ಇವರಿಗೆ ಇಳಿಯಲು ಅನುಮತಿ! ಕೇಳಿದರೆ ನಗು ಬರುತ್ತದೆ, ಆದರೆ ಯೋಚಿಸಿದರೆ ಜಾಣತನವಿದೆ. ಟೋ-ಇನ್ ನಿಜವಾಗಿ ಬೇಕಾಗುವುದು ಆ ದಿನಗಳಲ್ಲೇ, ಸುಮ್ನೆ ಮೋಜಿಗೆ ಸುತ್ತುವವನು ಅಂಥ ದಿನ ಬರುವುದಿಲ್ಲ. ಮಾರ್ಚ್‌ನಿಂದ ಸೀಲ್‌ಗಳು ಮರಿ ಹಾಕುವ ಕಾಲ, ಬೂದು ತಿಮಿಂಗಿಲಗಳು ಮರಿ ಕಟ್ಟಿಕೊಂಡು ದಡಕ್ಕೆ ಅಂಟಿಕೊಂಡೇ ಉತ್ತರಕ್ಕೆ ಹೋಗುವ ಕಾಲ, ಆಗ ಬಾಗಿಲು ಹಾಕಿರುತ್ತದೆ. ಇಲಾಖೆ ಗೇಟಿನಲ್ಲಿ ಯಾರನ್ನೂ ನಿಲ್ಲಿಸಬೇಕಿಲ್ಲ, ಕೀಲಿಕೈ ಹವಾಮಾನದವರ ಹತ್ತಿರ. ಆ ಹವಾಮಾನ ಇಲಾಖೆಯೂ ನೋಆದ್ದೇ ಇನ್ನೊಂದು ಶಾಖೆ.

ಬಿಸಿ ಮುಟ್ಟಿದ್ದು ಪೆಬಲ್ ಬೀಚ್ ಹತ್ತಿರದ ಘೋಸ್ಟ್ ಟ್ರೀ ಅನ್ನುವ ಅಲೆಗೆ. ಅದು ಹೆಚ್ಚುಕಡಿಮೆ ಟೋ-ಇನ್‌ನಿಂದಲೇ ಆಡುವ ಅಲೆ. ಅದಕ್ಕೆ ವಲಯ ಕೊಡಲಿಲ್ಲ, ಅಲ್ಲಿಗೆ ಆ ಆಟ ಮುಗಿಯಿತು. ಇತ್ತ ಮ್ಯಾವರಿಕ್ಸ್‌ನಲ್ಲಿ ವಾರ್ನಿಂಗ್ ಇಲ್ಲದ ದಿನಗಳಲ್ಲಿ ಮತ್ತೆ ಕೈಯಲ್ಲೇ ಈಜಿ ಅಲೆ ಹಿಡಿಯುವವರ ಕಾಲ ಬಂತು.

ಆದರೆ ಕ್ಯಾಲೆಂಡರ್‌ಗೂ ಸಮುದ್ರಕ್ಕೂ ಯಾವಾಗಲೂ ಹೊಂದುವುದಿಲ್ಲ. 2011ರ ಮಾರ್ಚ್ 16ರಂದು ಹವಾಯಿಯ ಸಿಯಾನ್ ಮಿಲೋಸ್ಕಿ ಮ್ಯಾವರಿಕ್ಸ್‌ನಲ್ಲಿ ಮುಳುಗಿ ತೀರಿಕೊಂಡರು. ಮಾರ್ಚ್ ಅಂದರೆ ವಲಯ ಮುಚ್ಚಿದ ತಿಂಗಳು. ನಿಯಮದಿಂದಲೇ ಹೀಗಾಯಿತು ಅಂತ ಹೇಳಲು ನಾನು ತಯಾರಿಲ್ಲ, ಅಲ್ಲಿ ಜೆಟ್ ಸ್ಕೀ ಇದ್ದ ದಿನವೂ ಸಾವಿನ ದವಡೆಯಿಂದ ಬಂದವರಿದ್ದಾರೆ. ಆದರೆ ತುರ್ತಿಗೆ ಬರಬಹುದು ಅನ್ನುವ ವಿನಾಯಿತಿಗೆ ಇಂಥ ಕಡೆ ಎಷ್ಟು ಬೆಲೆ? ಬಂದರಿನಿಂದ ಹೊರಟು ಬರುವ ಗಾಡಿಗೆ ನಿಮಿಷಗಳು ಬೇಕು, ಇಲ್ಲಿ ಲೆಕ್ಕ ಸೆಕೆಂಡಿನದು. ಮೊದಲೇ ಅಲ್ಲಿ ಕಾದು ನಿಂತಿದ್ದರೆ ಅದು ತುರ್ತು ಅನ್ನಿಸಿಕೊಳ್ಳುವುದಿಲ್ಲ. ನನ್ನ ಪ್ರಕಾರ ಇಡೀ ನಿಯಮದಲ್ಲಿ ಸೋಲುವ ಜಾಗ ಇದೊಂದೇ.

2021ರಲ್ಲಿ ಸ್ವಲ್ಪ ಸಡಿಲಿಸಿದರು. 'ವಾರ್ನಿಂಗ್' ಬೇಕಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಅಡ್ವೈಸರಿ' ಇದ್ದರೆ ಸಾಕು ಅಂತಾಯಿತು. ತಿಂಗಳು ಮಾತ್ರ ಅವೇ ಮೂರು. ಜೊತೆಗೆ ಹಳೆಯ ನಾಲ್ಕು ವಲಯಗಳ ಗಡಿಯನ್ನೂ ತಿದ್ದಿದರು. ಗಡಿ ಗುರುತಿನ ತೇಲುಬುರುಡೆಗಳ ಲಂಗರು ಅಲೆಗೆ ಕಿತ್ತು ಹೋಗುತ್ತಿದ್ದವು, ಕಡಿಮೆ ಬುರುಡೆಯಲ್ಲಿ ಗುರುತಿಸುವ ಹಾಗೆ ಗೆರೆ ಬದಲಾಯಿಸಿದರು. ಕಾಗದದಲ್ಲಿ ಎಳೆದ ಗೆರೆಯನ್ನು ನೀರಿನ ಮೇಲೆ ಉಳಿಸಿಕೊಳ್ಳುವ ಪಾಡು ಇದು.

ಹೋಲಿಕೆಗೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನೂ ನೋಡಬಹುದು, ಅವು ಬೇರೆ ಇಲಾಖೆ. 2000ದಲ್ಲಿ ಅವರು ಬಹುತೇಕ ಉದ್ಯಾನಗಳಲ್ಲಿ ಜೆಟ್ ಸ್ಕೀ ನಿಲ್ಲಿಸಿ, 21 ಕಡೆ ಮಾತ್ರ ಎರಡು ವರ್ಷ ಗಡುವು ಕೊಟ್ಟರು. ಬ್ಲೂವಾಟರ್ ನೆಟ್‌ವರ್ಕ್ ಅನ್ನುವ ಪರಿಸರ ಸಂಘಟನೆ ದಾವೆ ಹಾಕಿತು. 2001ರ ರಾಜಿಯಲ್ಲಿ ಆ 21 ಉದ್ಯಾನಗಳೂ ಪರಿಸರ ಅಧ್ಯಯನ ಮಾಡಿ, ಪ್ರತ್ಯೇಕ ನಿಯಮ ಬರೆದರೆ ಮಾತ್ರ ಜೆಟ್ ಸ್ಕೀ, ಇಲ್ಲವಾದರೆ ಇಲ್ಲ ಅಂತಾಯಿತು. ಕೇಪ್ ಕಾಡ್ ತರಹದ ಐದು ಕಡೆ ಜೆಟ್ ಸ್ಕೀಯನ್ನೇ ಕೈಬಿಟ್ಟರು. ಗಲ್ಫ್ ಐಲ್ಯಾಂಡ್ಸ್, ಪಿಕ್ಚರ್ಡ್ ರಾಕ್ಸ್ ಉದ್ಯಾನದವರು ಅಧ್ಯಯನ ಮಾಡಿ ಜೆಟ್ ಸ್ಕೀಯನ್ನು ಒಳಗೆ ಬಿಟ್ಟುಕೊಂಡರು, 2010ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಆ ಅಧ್ಯಯನ ಸಾಲದು ಅಂತ ವಾಪಸ್ ಕಳಿಸಿದರು.

ನನಗೆ ಅಲ್ಲಿ ಕುತೂಹಲ ಇರುವುದು ಅವರ ವ್ಯಾಖ್ಯೆಯ ಬಗ್ಗೆ. ಮಾಂಟೆರೆಯ ಸೀಟಿನ ತಪ್ಪನ್ನು ಅವರು ಮಾಡಲಿಲ್ಲ, ಮೇಲೆ ಕೂತು ಓಡಿಸುವ ರೀತಿಯನ್ನೇ ಹಿಡಿದರು. ಆದರೆ ಒಂದು ಮಾತು ಸೇರಿಸಿಬಿಟ್ಟರು: ಒಳಗೆ ಇಂಧನ ಉರಿಯುವ ಎಂಜಿನ್ ಇರಬೇಕು. 2000ದಲ್ಲಿ ಬೇರೆ ಎಂಜಿನ್ ಯಾರು ನೋಡಿದ್ದರು! ಈಗ ಬ್ಯಾಟರಿಯ ಜೆಟ್ ಸ್ಕೀ ಅಂಗಡಿಗೆ ಬಂದಿದೆ. ಬ್ಯಾಟರಿಯಿಂದ ಓಡಿ ನೀರಿನಿಂದ ಒಂದಡಿ ಮೇಲೆ ತೇಲುವ ಸರ್ಫ್ ಹಲಗೆಯೂ ಬಂದಿದೆ, ಹೊಗೆ ಇಲ್ಲ, ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ಉದ್ಯಾನಗಳ ಆ ಸಾಲನ್ನು ಅಕ್ಷರಕ್ಕೆ ಅಕ್ಷರ ಓದಿದರೆ ಇವೆರಡೂ ಜೆಟ್ ಸ್ಕೀ ಅಲ್ಲ. ಮಾಂಟೆರೆಯ 2009ರ ಸಾಲು ಓದಿದರೆ ಎರಡೂ ಹೌದು, ಯಾಕೆಂದರೆ ಅಲ್ಲಿ ಬರೆದಿರುವುದು 'ಯಂತ್ರ' ಅಂತ ಮಾತ್ರ.

ಭಾಮೈದ ಮೀನು ತಿಂದು ವಾಪಸ್ ಬಂದಾಗ ಇದನ್ನೇ ಹೇಳಿದೆ. "ಸದ್ದೇ ಇಲ್ದಿದ್ರೂ ಬಿಡಲ್ವಾ ಭಾವ? ಅದು ಸ್ವಲ್ಪ ಅನ್ಯಾಯ ಅಲ್ವಾ?" ಅಂದ. ನಾನು ಕೊಲ್ಲಿಯ ಕಡೆ ತೋರಿಸಿದೆ. ಆ ತಾಯಿ ಮರಿಯನ್ನು ನೀರಿನ ಮೇಲೆ ತೇಲಲು ಬಿಟ್ಟು ಚಿಪ್ಪು ಹುಡುಕಲು ಮುಳುಗಿತ್ತು. ಮರಿ ಬೆಂಡಿನ ಹಾಗೆ ತೇಲುತ್ತಾ ಕಿಯ್ಯೋ ಅನ್ನುತ್ತಿತ್ತು, ತಿರುಗಾಡಲೂ ಬಾರದು, ಮುಳುಗಲೂ ಬಾರದು. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಬರುವ ಹಲಗೆ ಸದ್ದು ಮಾಡಿಕೊಂಡು ಬಂದರೂ ಅದಕ್ಕೆ ಅಷ್ಟೇ, ಮಾಡದೆ ಬಂದರೂ ಅಷ್ಟೇ.